ಅಮ್ಮನ ಹಾಲು ಸೊನ್ನೆಯಾದ ದಿನ ಸಿಕ್ಕ ಡೆನ್ನಿಸ್ ರಿಚಿ

ನಮ್ಮೂರ ಹಾಲಿನ ಡೇರಿಯ ಕಂಪ್ಯೂಟರ್ ಮುಂದೆ ಅವತ್ತು ಏಳೆಂಟು ಜನ ನಿಂತಿದ್ದರು. ಕೈಯಲ್ಲಿ ಖಾಲಿ ಕ್ಯಾನು, ಮುಖದಲ್ಲಿ ಕುತೂಹಲ. ಇಂಜಿನಿಯರಿಂಗ್ ಓದುವ ಹುಡುಗ ಏನೋ ಮಾಡಿಕೊಂಡು ಬಂದಿದ್ದಾನಂತೆ ಎಂಬ ಸುದ್ದಿ ಅಷ್ಟರಲ್ಲಾಗಲೇ ಹರಡಿತ್ತು. ನಾನು ಪ್ರೋಗ್ರಾಂ ಓಡಿಸಿದೆ. ಮೊದಲ ಸಾಲು ಬಂತು. ಅದು ನಮ್ಮಮ್ಮನ ಲೆಕ್ಕ. ಸದಸ್ಯರ ಸಂಖ್ಯೆ ಸರಿಯಾಗಿತ್ತು. ಹಾಲು ಸೊನ್ನೆ. ಹಣ 45 ರೂಪಾಯಿ. ಆ ದಿನ ಅಮ್ಮ ಹಾಕಿದ್ದು ನಾಲ್ಕೂವರೆ ಲೀಟರ್. ಎರಡನೇ ಸಾಲಿನಲ್ಲಂತೂ ಸದಸ್ಯರ ಸಂಖ್ಯೆಯೇ ಸೊನ್ನೆ.

ಯಾರೂ ಬೈಯಲಿಲ್ಲ. ಒಬ್ಬಿಬ್ಬರು ನಕ್ಕರು. ಕಾರ್ಯದರ್ಶಿಗಳು ಏನೂ ಹೇಳದೆ ತಮ್ಮ ಹಳೆಯ ನೋಟ್‌ಬುಕ್ಕನ್ನು ಮತ್ತೆ ಹತ್ತಿರ ಎಳೆದುಕೊಂಡರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ನಾನು ಬಿಇ ಐದನೇ ಸೆಮಿಸ್ಟರ್ ವಿದ್ಯಾರ್ಥಿ. ಮಿನಿ ಪ್ರಾಜೆಕ್ಟ್‌ಗೆಂದು ಡೇರಿಯ ಲೆಕ್ಕ ಇಡುವ ಒಂದು ಪುಟ್ಟ ಪ್ರೋಗ್ರಾಂ ಅನ್ನು ಸಿ ಭಾಷೆಯಲ್ಲಿ ಬರೆದಿದ್ದೆ. ಬರೆದದ್ದು ಕಾಲೇಜಿನ ಲ್ಯಾಬಿನಲ್ಲಿ. ಅಲ್ಲಿರುವುದು ಲಿನಕ್ಸ್, ಅಂದರೆ ಯುನಿಕ್ಸ್‌ನ ದಾರಿಯಲ್ಲೇ ನಡೆಯುವ ಆಪರೇಟಿಂಗ್ ಸಿಸ್ಟಂ. ಒಂದು ತಿಂಗಳ ಲೆಕ್ಕವನ್ನೂ ಅಲ್ಲೇ ಕೂತು ತುಂಬಿಸಿದ್ದೆ. ಆದರೆ ಮನೆಯಲ್ಲಿರುವ ಒಂದೇ ಲ್ಯಾಪ್‌ಟಾಪ್ ಅಪ್ಪನ ಗೊಬ್ಬರದ ಅಂಗಡಿಯದ್ದು. ಬಿಲ್ ಹಾಕುವ ಸಾಫ್ಟ್‌ವೇರ್ ನಡೆಯುವುದು ವಿಂಡೋಸ್‌ನಲ್ಲಿ ಮಾತ್ರ. ಅದನ್ನು ಅಳಿಸಿ ಲಿನಕ್ಸ್ ಹಾಕುತ್ತೇನೆಂದರೆ ಅಪ್ಪ ನನ್ನನ್ನೇ ಮನೆಯಿಂದ ಅಳಿಸುತ್ತಿದ್ದರು. ಡೇರಿಯ ಕಂಪ್ಯೂಟರಿನದ್ದೂ ಇದೇ ಕತೆ.

ಹಾಗಾಗಿ ನನ್ನ ಪ್ರೋಗ್ರಾಂ ಮನೆ ಬದಲಿಸಬೇಕಾಯಿತು. ಇದನ್ನೇ ಪೋರ್ಟಿಂಗ್ ಎನ್ನುತ್ತಾರೆ. ಮೊದಲು ಸಿಗ್ವಿನ್ ಹಾಕಿಕೊಂಡೆ. 1995ರಲ್ಲಿ ಸಿಗ್ನಸ್ ಎಂಬ ಕಂಪನಿಯಲ್ಲಿ ಶುರುವಾದ ಇದು ವಿಂಡೋಸ್‌ನ ಮೇಲೆ ಯುನಿಕ್ಸ್‌ನಂತೆಯೇ ಕಾಣುವ ಒಂದು ಪದರವನ್ನು ಹಾಸುತ್ತದೆ. ಅದರೊಳಗೆ ಜಿಸಿಸಿ ಕಂಪೈಲರ್ ಇನ್‌ಸ್ಟಾಲ್ ಮಾಡಿ, ಮೇಕ್ ಎಂದು ಟೈಪ್ ಮಾಡಿದೆ. ಒಂದೇ ಏಟಿಗೆ ಎಲ್ಲ ಸರಿ! ಲ್ಯಾಬಿನಿಂದ ತಂದ ಲೆಕ್ಕವೂ ಸರಿಯಾಗಿ ಕಂಡಿತು. ಆ ಪ್ರೋಗ್ರಾಂ ಅನ್ನು ಪೆನ್‌ಡ್ರೈವ್‌ನಲ್ಲಿ ಡೇರಿಗೆ ಒಯ್ದರೆ ಓಡಲೇ ಇಲ್ಲ. ಸಿಗ್ವಿನ್‌ನ ಡಿಎಲ್‌ಎಲ್ ಫೈಲ್ ಇಲ್ಲ ಎಂಬ ಎರರ್. ಆ ಪದರ ಇಲ್ಲದ ಕಡೆ ನನ್ನ ಪ್ರೋಗ್ರಾಂಗೆ ಕಾಲೂರಲು ನೆಲವೇ ಇರಲಿಲ್ಲ.

ಪದರದ ಹಂಗೇ ಬೇಡವೆಂದು, ನೇರವಾಗಿ ವಿಂಡೋಸ್‌ಗೇ ಪ್ರೋಗ್ರಾಂ ತಯಾರಿಸುವ ಇನ್ನೊಂದು ಜಿಸಿಸಿ ತಂದೆ. ಈಗ ಕಂಪೈಲ್ ಆಗಲಿಲ್ಲ. ಲೆಕ್ಕದ ನಕಲು ತೆಗೆದಿಡಲು ಬಳಸಿದ್ದ ಫೋರ್ಕ್ ಎಂಬ ಸೌಲಭ್ಯ ಯುನಿಕ್ಸ್‌ನದು, ವಿಂಡೋಸ್‌ನಲ್ಲಿ ಅದಿಲ್ಲ. ಆ ಭಾಗ ಕಿತ್ತು ಬೇರೆ ರೀತಿ ಬರೆದೆ. ಎರರ್‌ಗಳೆಲ್ಲ ಮಾಯವಾದವು. ಖುಷಿಯಲ್ಲಿ ಇನ್ನೊಮ್ಮೆ ಪರೀಕ್ಷೆ ಕೂಡ ಮಾಡದೆ ಡೇರಿಗೆ ಓಡಿದೆ. ಮುಂದಿನದು ನಿಮಗೆ ಗೊತ್ತೇ ಇದೆ.

ಮರುದಿನ ನಮ್ಮ ಮೇಡಂ ಎಲ್ಲ ಕೇಳಿಸಿಕೊಂಡರು. ತಪ್ಪೇನೆಂದು ಹೇಳಲಿಲ್ಲ. ಇದೇ ಕೆಲಸವನ್ನು ಮೊದಲು ಮಾಡಿದವರು ಹೇಗೆ ಮಾಡಿದರು ಎಂದು ಓದಿಕೊಂಡು ಬಾ ಎಂದು ಲೈಬ್ರರಿಗೆ ಕಳಿಸಿದರು. ಹಾಗೆ ನನಗೆ ಡೆನ್ನಿಸ್ ರಿಚಿ ಸಿಕ್ಕಿದರು. ಫಸ್ಟ್ ಇಯರ್‌ನಿಂದಲೂ ಸಿ ಪುಸ್ತಕದ ಮೇಲೆ ಆ ಹೆಸರು ನೋಡಿದ್ದೆ. ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂದು ಯೋಚಿಸಿರಲೇ ಇಲ್ಲ.

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ಬೆಳೆದದ್ದು ನ್ಯೂಜೆರ್ಸಿಯ ಸಮ್ಮಿಟ್ ಎಂಬ ಊರಿನಲ್ಲಿ. ತಂದೆ ಅಲಿಸ್ಟೇರ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡುತ್ತಿದ್ದರು. ಟೆಲಿಫೋನ್ ಕರೆಗಳನ್ನು ಜೋಡಿಸುವ ಸ್ವಿಚಿಂಗ್ ಸರ್ಕ್ಯೂಟ್‌ಗಳ ಬಗ್ಗೆ ಪುಸ್ತಕ ಬರೆದವರಲ್ಲಿ ಅವರೂ ಒಬ್ಬರು. ಮಗ ಹಾರ್ವರ್ಡ್ ಸೇರಿ 1963ರಲ್ಲಿ ಭೌತಶಾಸ್ತ್ರದಲ್ಲಿ ಪದವಿ ಪಡೆದರು. ನಂತರ ಅಲ್ಲೇ ಅನ್ವಯಿಕ ಗಣಿತದಲ್ಲಿ ಪಿಎಚ್‌ಡಿಗೆ ಕೂತರು. 1968ರ ಹೊತ್ತಿಗೆ ಪ್ರಬಂಧವೂ ಸಿದ್ಧವಾಯಿತು.

ಇಲ್ಲೊಂದು ತಮಾಷೆ ಇದೆ. ಅವರಿಗೆ ಪಿಎಚ್‌ಡಿ ಪದವಿ ಸಿಗಲೇ ಇಲ್ಲ! ಪ್ರಬಂಧದ ಬೈಂಡ್ ಮಾಡಿದ ಪ್ರತಿಯೊಂದನ್ನು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಬೇಕಿತ್ತು. ಬೈಂಡಿಂಗ್ ಖರ್ಚು ಸಣ್ಣದಿರಲಿಲ್ಲ. ಅದನ್ನು ಕೊಡಲು ರಿಚಿ ಒಪ್ಪಲಿಲ್ಲ ಎಂದು ಅವರ ಜೊತೆ ಸಂಶೋಧನೆ ಮಾಡಿದ ಆಲ್ಬರ್ಟ್ ಮೇಯರ್ ಮುಂದೆ ನೆನಪಿಸಿಕೊಂಡಿದ್ದಾರೆ. ಮನೆಯವರು ಮಾತ್ರ ಪದವಿ ಸಿಕ್ಕಿದೆ ಎಂದೇ ತಿಳಿದಿದ್ದರು. ಕಳೆದುಹೋಗಿದೆ ಎಂದುಕೊಂಡಿದ್ದ ಆ ಪ್ರಬಂಧದ ಪ್ರತಿ ರಿಚಿ ತೀರಿಕೊಂಡ ಮೇಲೆ ಕುಟುಂಬದವರಿಗೆ ಸಿಕ್ಕಿ, 2020ರಲ್ಲಿ ಎಲ್ಲರ ಓದಿಗೆ ದೊರೆಯಿತು. ಸೆಮಿಸ್ಟರ್ ಕೊನೆಗೆ ಜೆರಾಕ್ಸ್ ಅಂಗಡಿ ಮುಂದೆ ಬೈಂಡಿಂಗ್‌ಗಾಗಿ ಕ್ಯೂ ನಿಲ್ಲುವ ನಮಗೆಲ್ಲ ಈ ಕತೆ ಎಷ್ಟು ಹತ್ತಿರದ್ದು ನೋಡಿ.

ಪದವಿಯ ಚಿಂತೆ ಅವರಿಗೆ ಇರಲಿಲ್ಲವೇನೋ. 1967ರಲ್ಲೇ ತಂದೆ ದುಡಿದ ಬೆಲ್ ಲ್ಯಾಬ್ಸ್ ಸೇರಿದ್ದರು. ಅಲ್ಲಿ ಎಂಐಟಿ ಮತ್ತು ಜನರಲ್ ಎಲೆಕ್ಟ್ರಿಕ್ ಜೊತೆ ಸೇರಿ ಮಲ್ಟಿಕ್ಸ್ ಎಂಬ ಭಾರಿ ಆಪರೇಟಿಂಗ್ ಸಿಸ್ಟಂ ಕಟ್ಟುವ ಕೆಲಸ ನಡೆದಿತ್ತು. ಅದು ಕುಂಟುತ್ತಾ ಸಾಗಿದ್ದರಿಂದ 1969ರಲ್ಲಿ ಬೆಲ್ ಲ್ಯಾಬ್ಸ್ ಹೊರಬಂತು. ರಿಚಿ ಮತ್ತು ಅವರ ಸಹೋದ್ಯೋಗಿ ಕೆನ್ ಥಾಂಪ್ಸನ್ ಅವರ ಕೈಯಲ್ಲಿದ್ದ ದೊಡ್ಡ ಯೋಜನೆ ಹೀಗೆ ಜಾರಿಹೋಯಿತು.

ಥಾಂಪ್ಸನ್ ಬಳಿ ಸ್ಪೇಸ್ ಟ್ರಾವೆಲ್ ಎಂಬ ಸ್ವಂತ ಆಟವೊಂದಿತ್ತು. ಸೌರಮಂಡಲದೊಳಗೆ ನೌಕೆ ಓಡಿಸುವ ಆಟ. ದೊಡ್ಡ ಕಂಪ್ಯೂಟರಿನಲ್ಲಿ ಅದನ್ನು ಒಮ್ಮೆ ಆಡಿದರೆ ಯಂತ್ರದ ಸಮಯದ ಲೆಕ್ಕದಲ್ಲಿ ಸುಮಾರು 75 ಡಾಲರ್ ಖರ್ಚು ಬೀಳುತ್ತಿತ್ತು. ಹೆಚ್ಚು ಬಳಕೆಯಿಲ್ಲದ ಪಿಡಿಪಿ-7 ಎಂಬ ಸಣ್ಣ ಯಂತ್ರವೊಂದು ಅಲ್ಲಿತ್ತು. ರಿಚಿಯ ಸಹಾಯದಿಂದ ಥಾಂಪ್ಸನ್ ಆಟವನ್ನು ಅದಕ್ಕಾಗಿ ಮತ್ತೆ ಬರೆದರು. ಪ್ರತಿ ಸಲ ದೊಡ್ಡ ಯಂತ್ರದಲ್ಲಿ ಪ್ರೋಗ್ರಾಂ ತಯಾರಿಸಿ, ಕಾಗದದ ಟೇಪಿನಲ್ಲಿ ತೂತು ಹೊಡೆಸಿ, ಆ ಟೇಪನ್ನು ಸಣ್ಣ ಯಂತ್ರಕ್ಕೆ ಒಯ್ಯಬೇಕಿತ್ತು. ಅವರ ಪೆನ್‌ಡ್ರೈವ್ ಅದು. ಈ ಓಡಾಟ ಸಾಕಾಗಿ, ಆ ಯಂತ್ರದಲ್ಲೇ ಕೆಲಸ ಮಾಡಲು ಒಂದು ಪುಟ್ಟ ಆಪರೇಟಿಂಗ್ ಸಿಸ್ಟಂ ಕಟ್ಟಿಕೊಂಡರು. ಅದೇ ಯುನಿಕ್ಸ್. ಇದನ್ನು ಓದಿದಾಗ ನನಗೆ ರೋಮಾಂಚನವಾಯಿತು. ಯುನಿಕ್ಸ್ ಹುಟ್ಟಿದ್ದೇ ಒಂದು ಪ್ರೋಗ್ರಾಂ ಮನೆ ಬದಲಿಸುವ ಗಲಾಟೆಯಲ್ಲಿ!

ಆದರೆ ಆ ಯುನಿಕ್ಸ್ ಅಸೆಂಬ್ಲಿ ಭಾಷೆಯಲ್ಲಿತ್ತು. ಅಂದರೆ ಆ ಯಂತ್ರಕ್ಕಷ್ಟೇ ಗೊತ್ತಿರುವ ಭಾಷೆ. 1970ರಲ್ಲಿ ಪಿಡಿಪಿ-11 ಬಂದಾಗ ಎಲ್ಲವನ್ನೂ ಮತ್ತೆ ಬರೆಯಬೇಕಾಯಿತು. ಥಾಂಪ್ಸನ್ ಮಾಡಿದ್ದ ಬಿ ಎಂಬ ಭಾಷೆ ಇತ್ತು. ಅದರ ಮೂಲ ಇಂಗ್ಲೆಂಡಿನ ಮಾರ್ಟಿನ್ ರಿಚರ್ಡ್ಸ್ ರೂಪಿಸಿದ ಬಿಸಿಪಿಎಲ್. ಬಿಯಲ್ಲಿ ಎಲ್ಲ ದತ್ತಾಂಶವೂ ಒಂದೇ ಅಳತೆಯದ್ದು. ಅಕ್ಷರಕ್ಕೆ ಬೇರೆ, ಸಂಖ್ಯೆಗೆ ಬೇರೆ ಎಂಬುದಿಲ್ಲ. ಹೊಸ ಯಂತ್ರಕ್ಕೆ ಅದು ಹೊಂದಲಿಲ್ಲ. ರಿಚಿ 1971ರಿಂದ 1973ರವರೆಗೆ ಅದನ್ನು ತಿದ್ದುತ್ತಾ, ಚಾರ್, ಇಂಟ್ ಮುಂತಾದ ಟೈಪ್‌ಗಳನ್ನು ಸೇರಿಸುತ್ತಾ ಹೋದರು. ಕೊನೆಗೆ ಅದು ಸಿ ಆಯಿತು.

1972ರಲ್ಲಿ ಥಾಂಪ್ಸನ್ ಇಡೀ ಯುನಿಕ್ಸ್ ಅನ್ನು ಸಿಯಲ್ಲಿ ಬರೆಯಲು ಹೊರಟು ಕೈಬಿಟ್ಟರು. ಆಗ ಸಿಯಲ್ಲಿ ಸ್ಟ್ರಕ್ಚರ್‌ಗಳೇ ಇರಲಿಲ್ಲ. ರಿಚಿ ಅದನ್ನೂ ಸೇರಿಸಿದರು. 1973ರ ಬೇಸಿಗೆಯಲ್ಲಿ ಯುನಿಕ್ಸ್‌ನ ಕರ್ನೆಲ್ ಸಿಯಲ್ಲಿ ಎದ್ದು ನಿಂತಿತು. ಆಪರೇಟಿಂಗ್ ಸಿಸ್ಟಂ ಎಂದರೆ ಅಸೆಂಬ್ಲಿಯಲ್ಲೇ ಬರೆಯಬೇಕು ಎಂದು ಬಹುಪಾಲು ಜನ ನಂಬಿದ್ದ ಕಾಲವದು.

ಮುಂದಿನ ಭಾಗಕ್ಕಾಗಿಯೇ ಮೇಡಂ ನನ್ನನ್ನು ಲೈಬ್ರರಿಗೆ ಕಳಿಸಿದ್ದು. ಬೆಲ್ ಲ್ಯಾಬ್ಸ್‌ನವರು ಸಿ ಪ್ರೋಗ್ರಾಂಗಳನ್ನು ಬೇರೆ ಕಂಪನಿಗಳ ಯಂತ್ರಗಳಿಗೂ ಒಯ್ಯತೊಡಗಿದ್ದರು. ಕಷ್ಟ ಆಗುತ್ತಿದ್ದದ್ದು ಯಂತ್ರದಿಂದಲ್ಲ, ಅಲ್ಲಿನ ಆಪರೇಟಿಂಗ್ ಸಿಸ್ಟಂನಿಂದ. ಫೈಲ್ ತೆರೆಯುವ ರೀತಿ ಬೇರೆ, ಪ್ರೋಗ್ರಾಂ ಶುರುಮಾಡುವ ರೀತಿ ಬೇರೆ. ನನ್ನ ಫೋರ್ಕ್ ಕತೆಯೇ. ಆಗ ರಿಚಿ ಮತ್ತು ಸಹೋದ್ಯೋಗಿ ಸ್ಟೀವ್ ಜಾನ್ಸನ್‌ಗೆ ಒಂದು ವಿಷಯ ಹೊಳೆಯಿತು. ಪ್ರತಿ ಪ್ರೋಗ್ರಾಂ ಅನ್ನು ತಿದ್ದುತ್ತಾ ಕೂರುವ ಬದಲು ಯುನಿಕ್ಸ್ ಅನ್ನೇ ಆ ಯಂತ್ರಕ್ಕೆ ಒಯ್ದರೆ? ಬಾಡಿಗೆ ಮನೆಗೆ ತಕ್ಕಂತೆ ಒಂದೊಂದು ಸಾಮಾನನ್ನೂ ಕತ್ತರಿಸುವುದಕ್ಕಿಂತ ಇಡೀ ಮನೆಯನ್ನೇ ಎತ್ತಿಕೊಂಡು ಹೋದಂತೆ.

1977ರಲ್ಲಿ ಅವರು ಇಂಟರ್‌ಡೇಟಾ 8/32 ಎಂಬ ಯಂತ್ರ ಆರಿಸಿಕೊಂಡರು. ಪಿಡಿಪಿ-11ಕ್ಕಿಂತ ಅದು ಬಹಳ ಬೇರೆ ಎಂಬುದೇ ಆರಿಸಿದ್ದಕ್ಕೆ ಒಂದು ಕಾರಣ. ಪಿಡಿಪಿ-11 ಲೆಕ್ಕ ಮಾಡುವುದು 16 ಬಿಟ್‌ಗಳಲ್ಲಿ, ಇದು 32ರಲ್ಲಿ. ಬೈಟ್‌ಗಳನ್ನು ಜೋಡಿಸುವ ಕ್ರಮವೂ ತಿರುಗುಮುರುಗು. ಒಂದರಲ್ಲಿ ಯುಎನ್‌ಐಎಕ್ಸ್ ಎಂಬ ನಾಲ್ಕು ಅಕ್ಷರಗಳನ್ನು ಎರಡೆರಡಾಗಿ ಇಟ್ಟು, ಇನ್ನೊಂದರಲ್ಲಿ ಹಾಗೇ ಓದಿದರೆ ಜೋಡಿಗಳು ಮಗುಚಿ ಎನ್‌ಯುಎಕ್ಸ್‌ಐ ಆಗುತ್ತದೆ. ಈ ತೊಂದರೆಯನ್ನು ಪ್ರೋಗ್ರಾಮರ್‌ಗಳು ಇವತ್ತಿಗೂ ನುಕ್ಸಿ ಸಮಸ್ಯೆ ಎಂದು ಕರೆದು ನಗುತ್ತಾರೆ.

ಜಾನ್ಸನ್ ಹೊಸ ಯಂತ್ರಗಳಿಗೆ ಸುಲಭವಾಗಿ ಹೊಂದಿಸಬಹುದಾದ ಕಂಪೈಲರ್ ಬರೆದರು. ಯಂತ್ರಕ್ಕೆ ಅಂಟಿಕೊಂಡ ಭಾಗಗಳನ್ನು ಬೇರೆ ತೆಗೆದಿಟ್ಟು, ಉಳಿದದ್ದನ್ನು ಎಲ್ಲ ಕಡೆಯೂ ಒಂದೇ ಆಗುವಂತೆ ತಿದ್ದಿದರು. ಹಾಗೆ ತಿದ್ದುವಾಗ ತಮ್ಮದೇ ಹಳೆಯ ಪ್ರೋಗ್ರಾಂಗಳಲ್ಲಿ ಹುಳುಕು ಕಂಡವು. ಇಂಟ್ ಮತ್ತು ಪಾಯಿಂಟರ್ ಒಂದೇ ಅಳತೆಯವು ಎಂದು ಅನೇಕ ಕಡೆ ಅಂದುಕೊಂಡುಬಿಟ್ಟಿದ್ದರು. ಪಿಡಿಪಿ-11ರಲ್ಲಿ ಅದು ನಿಜವೂ ಆಗಿತ್ತು. ಅಲ್ಲಿರುವ ತನಕ ಅದೊಂದು ಊಹೆ ಎಂಬುದೇ ಯಾರಿಗೂ ಗೊತ್ತಾಗಿರಲಿಲ್ಲ. ಇಂಥ ಊಹೆಗಳನ್ನು ಪತ್ತೆ ಮಾಡಲು ಜಾನ್ಸನ್ ಬರೆದ ಲಿಂಟ್ ಎಂಬ ಪ್ರೋಗ್ರಾಂ ನೆರವಾಯಿತು. ಸಿ ಭಾಷೆಯನ್ನೂ ಬಿಗಿ ಮಾಡಿದರು. ನಾವು ಇಂದು ಬಳಸುವ ಟೈಪ್‌ ಕಾಸ್ಟ್ ಬಲವಾದದ್ದು ಈ ದಿನಗಳಲ್ಲೇ. ಅದೇ ವರ್ಷ ಆಸ್ಟ್ರೇಲಿಯಾದ ವೊಲಾಂಗಾಂಗ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಮಿಲ್ಲರ್ ಎಂಬವರು ಇದೇ ಸರಣಿಯ ಇಂಟರ್‌ಡೇಟಾ 7/32ಗೆ ತಾವೇ ಸ್ವತಂತ್ರವಾಗಿ ಯುನಿಕ್ಸ್ ಒಯ್ದಿದ್ದರು. ಒಬ್ಬರಲ್ಲ, ಇಬ್ಬರು ಮಾಡಿ ತೋರಿಸಿದ ಮೇಲೆ ಅನುಮಾನ ಉಳಿಯಲಿಲ್ಲ. ಆಪರೇಟಿಂಗ್ ಸಿಸ್ಟಂ ಕೂಡ ಹುಟ್ಟಿದ ಮನೆ ಬಿಟ್ಟು ಬದುಕಬಲ್ಲದು.

ಈ ಪುಟಗಳನ್ನು ಓದುವಾಗಲೇ ನನ್ನ ತಪ್ಪು ಹೊಳೆಯಿತು. ಪುಸ್ತಕ ಅಲ್ಲೇ ಬಿಟ್ಟು ಲ್ಯಾಬಿಗೆ ಹೋದೆ. ಹಾಲು, ಹಣ, ಸದಸ್ಯರ ಸಂಖ್ಯೆ ಮೂರನ್ನೂ ನಾನು ಲಾಂಗ್ ಎಂದು ಬರೆದು ಹಾಗೇ ಫೈಲಿಗೆ ಸುರಿದಿದ್ದೆ. ಲ್ಯಾಬಿನ 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ ಎಂದರೆ 8 ಬೈಟ್. ಸಿಗ್ವಿನ್‌ನಲ್ಲೂ ಅಷ್ಟೇ. ವಿಂಡೋಸ್‌ನಲ್ಲಿ 4 ಬೈಟ್. ಒಬ್ಬರ ಲೆಕ್ಕ 24 ಬೈಟ್‌ಗಳಲ್ಲಿ ಕೂತಿತ್ತು, ಡೇರಿಯ ಕಂಪ್ಯೂಟರ್ 12 ಬೈಟ್‌ಗಳನ್ನಷ್ಟೇ ಓದಿ ಮುಗಿಯಿತು ಎಂದುಕೊಂಡಿತು. ಸದಸ್ಯರ ಸಂಖ್ಯೆಯ ಖಾಲಿ ಅರ್ಧವೇ ಅಮ್ಮನ ಹಾಲಾಯಿತು. 4500 ಮಿಲಿಲೀಟರ್ ಹಾಲು 4500 ಪೈಸೆಯಾಗಿ ಹಣದ ಜಾಗಕ್ಕೆ ಹೋಯಿತು. ಅದೇ ಆ 45 ರೂಪಾಯಿ! ಕಂಪ್ಯೂಟರ್ ತಪ್ಪು ಮಾಡಿರಲಿಲ್ಲ. ಎಲ್ಲ ಮನೆಗಳೂ ನನ್ನ ಲ್ಯಾಬಿನಂತೆಯೇ ಇರುತ್ತವೆ ಎಂದು ನಾನು ಊಹಿಸಿದ್ದೆ.

ಕ್ಯಾಂಪಸ್ ಇಂಟರ್‌ವ್ಯೂಗೆ ತಯಾರಾಗುವ ಗೆಳೆಯರಿಗೆ ಒಂದು ಮಾತು. ಇಂಟ್ ಎಷ್ಟು ಬೈಟ್ ಎಂಬ ಪ್ರಶ್ನೆಯನ್ನು ನಾವೆಲ್ಲ ಬಾಯಿಪಾಠ ಮಾಡುತ್ತೇವೆ. ಟರ್ಬೊ ಸಿ ಕಾಲದ ಪುಸ್ತಕಗಳಲ್ಲಿ 2 ಎಂದಿರುತ್ತದೆ, ಹೊಸದರಲ್ಲಿ 4. ಯಾವುದು ಸರಿ ಎಂದು ಹಾಸ್ಟೆಲ್‌ನಲ್ಲಿ ಜಗಳವಾಡಿದ್ದೇವೆ. ಯಾವ ಯಂತ್ರ, ಯಾವ ಕಂಪೈಲರ್ ಎಂದು ಮರುಪ್ರಶ್ನೆ ಹಾಕುವುದೇ ಸರಿಯಾದ ಉತ್ತರ.

ರಿಚಿ ಮತ್ತು ಜಾನ್ಸನ್ ತಮ್ಮ ಅನುಭವವನ್ನು 1978ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಅದೇ ವರ್ಷ ಬ್ರಯನ್ ಕರ್ನಿಗನ್ ಜೊತೆ ರಿಚಿ ಬರೆದ ಸಿ ಪುಸ್ತಕ ಬಂತು. ದಪ್ಪ ಪುಸ್ತಕವಲ್ಲ, ಇನ್ನೂರು ಚಿಲ್ಲರೆ ಪುಟ. ನಮ್ಮೆಲ್ಲರ ಮೊದಲ ಪ್ರೋಗ್ರಾಂ ಆದ ಹಲೋ ವರ್ಲ್ಡ್ ಮನೆಮಾತಾದದ್ದು ಅದರಿಂದ. ಸಾಗಿಸುವುದು ಸಾಧ್ಯ ಎಂದು ಗೊತ್ತಾದ ಮೇಲೆ ಯುನಿಕ್ಸ್ ಹತ್ತಾರು ಬಗೆಯ ಯಂತ್ರಗಳಿಗೆ ಹೋಯಿತು. 1983ರಲ್ಲಿ ರಿಚಿ ಮತ್ತು ಥಾಂಪ್ಸನ್‌ಗೆ ಟ್ಯೂರಿಂಗ್ ಪ್ರಶಸ್ತಿ ಬಂತು. 1999ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಅವರಿಂದ ಇಬ್ಬರೂ ತಂತ್ರಜ್ಞಾನದ ರಾಷ್ಟ್ರೀಯ ಪದಕ ಪಡೆದರು.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು 1993ರಲ್ಲಿ ಅವರು ಬರೆದ ಸಿ ಭಾಷೆಯ ಚರಿತ್ರೆ. ಅದರಲ್ಲಿ ತಮ್ಮನ್ನು ಹೊಗಳಿಕೊಂಡಿಲ್ಲ. ಬಿ ಮತ್ತು ಬಿಸಿಪಿಎಲ್‌ಗಳಿಂದ ಏನೇನು ಪಡೆದೆವು ಎಂದು ಲೆಕ್ಕ ಒಪ್ಪಿಸಿದ್ದಾರೆ. ಅರೇ ಮತ್ತು ಪಾಯಿಂಟರ್‌ಗಳ ನಡುವೆ ಹೊಸಬರಿಗೆ ಆಗುವ ಗೊಂದಲ, ಕೆಲವು ಆಪರೇಟರ್‌ಗಳ ಆದ್ಯತೆಯ ಎಡವಟ್ಟು ಹೇಗೆ ಉಳಿದುಹೋದವು ಎಂಬುದನ್ನೂ ಮುಚ್ಚಿಟ್ಟಿಲ್ಲ. ಜಗತ್ತು ಬಳಸುವ ಭಾಷೆ ಮಾಡಿದವರೇ ತಪ್ಪು ಒಪ್ಪಿಕೊಂಡಿರುವಾಗ, ಏಳೆಂಟು ಜನರ ಮುಂದೆ ಆದ ನನ್ನ ಅವಮಾನ ಏನು ಮಹಾ ಅನ್ನಿಸಿತು.

ರಿಚಿ ಮದುವೆಯಾಗಲಿಲ್ಲ. ಕೊನೆಯವರೆಗೂ ಅದೇ ಸಂಸ್ಥೆಯಲ್ಲಿ ದುಡಿದು 2007ರಲ್ಲಿ ನಿವೃತ್ತರಾದರು. ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನಲ್ಲಿ ಒಬ್ಬರೇ ಇದ್ದರು. 2011ರ ಅಕ್ಟೋಬರ್ 12ರಂದು ಅವರು ಮನೆಯಲ್ಲೇ ತೀರಿಕೊಂಡಿರುವುದು ಗೊತ್ತಾಯಿತು. ವಯಸ್ಸು 70. ಅದಕ್ಕೆ ಒಂದು ವಾರ ಮೊದಲು, ಅಕ್ಟೋಬರ್ 5ರಂದು ಸ್ಟೀವ್ ಜಾಬ್ಸ್ ತೀರಿಕೊಂಡಿದ್ದರು. ಆ ಸುದ್ದಿಗೆ ಇಡೀ ಜಗತ್ತು ಕಣ್ಣೀರಿಟ್ಟಿತ್ತು. ರಿಚಿಯ ಸುದ್ದಿ ಅಷ್ಟು ದೂರ ಹೋಗಲಿಲ್ಲ. ಆದರೆ ಜಾಬ್ಸ್ ಅವರ ಐಫೋನ್‌ನ ಒಳಗಿರುವುದೂ ಯುನಿಕ್ಸ್ ವಂಶದ ಆಪರೇಟಿಂಗ್ ಸಿಸ್ಟಂ. ನಮ್ಮ ಜೇಬಿನ ಆಂಡ್ರಾಯ್ಡ್ ನಿಂತಿರುವುದು ಸಿಯಲ್ಲಿ ಬರೆದ ಲಿನಕ್ಸ್ ಮೇಲೆ. ಅಪ್ಪನ ಅಂಗಡಿಯ ವಿಂಡೋಸ್‌ನ ಕರ್ನೆಲ್ ಕೂಡ ಬಹುಪಾಲು ಸಿಯದ್ದೇ. ಆಗ ನಾನು ಒಂದನೇ ಕ್ಲಾಸಿನಲ್ಲಿ ಅಆಇಈ ತಿದ್ದುತ್ತಿದ್ದೆ.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ನಗರದ ಕಾಲೇಜಿಗೆ ಬಂದಾಗ ನಾನೂ ಹೀಗೇ ಒಡೆದುಹೋಗಿದ್ದೆ. ಊರಿನಲ್ಲಿ ಕ್ಲಾಸಿಗೇ ಫಸ್ಟ್. ಇಲ್ಲಿ ಮೊದಲ ಇಂಟರ್ನಲ್ಸ್‌ನಲ್ಲೇ ಎರಡು ವಿಷಯದಲ್ಲಿ ಕಡಿಮೆ ಅಂಕ. ನನಗೆ ಬುದ್ಧಿಯೇ ಇಲ್ಲ ಎಂದುಕೊಂಡೆ. ಈಗ ತಿರುಗಿ ನೋಡಿದರೆ ಕಾರಣ ಬೇರೆ. ಮೇಷ್ಟ್ರೇ ಬಂದು ಗೊತ್ತಾಯ್ತಾ ಎಂದು ಕೇಳುತ್ತಾರೆ, ಗೊತ್ತಾಗದಿದ್ದರೆ ಇನ್ನೊಮ್ಮೆ ಹೇಳುತ್ತಾರೆ ಎಂದು ಕಾದು ಕೂತಿದ್ದೆ. ಊರಿನ ಶಾಲೆಯಲ್ಲಿ ಅದು ನಿಜವಾಗಿತ್ತು. ಇಲ್ಲಿ ನಾವೇ ಎದ್ದು ಕೇಳಬೇಕು. ಜಾಗ ಬದಲಾದಾಗ ಬಯಲಾದದ್ದು ದಡ್ಡತನ ಅಲ್ಲ, ಒಂದು ಊಹೆ. ದಡ್ಡತನಕ್ಕೆ ಮದ್ದಿದೆಯೋ ಇಲ್ಲವೋ, ಊಹೆಯನ್ನಂತೂ ಹುಡುಕಿ ತಿದ್ದಬಹುದು.

ನನ್ನ ಪ್ರೋಗ್ರಾಂ ಅನ್ನು ಹಾಗೇ ತಿದ್ದಿದೆ. ಲಾಂಗ್ ಇದ್ದ ಕಡೆಯಲ್ಲೆಲ್ಲ ಯಾವ ಯಂತ್ರದಲ್ಲೂ 8 ಬೈಟ್ ಆಗಿಯೇ ಇರುವ ಟೈಪ್ ಹಾಕಿದೆ. ವಿಂಡೋಸ್‌ನಲ್ಲಿ ಫೈಲ್ ತೆರೆಯುವಾಗ ಅದು ಪಠ್ಯವಲ್ಲ, ಬೈನರಿ ಎಂದು ಸ್ಪಷ್ಟವಾಗಿ ಹೇಳಿದೆ. ಈ ಸಲ ಅಪ್ಪನ ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಸಾಲನ್ನೂ ನೋಟ್‌ಬುಕ್ಕಿನ ಜೊತೆ ತಾಳೆ ನೋಡಿದೆ. ಎರಡು ವಾರದ ನಂತರ ಡೇರಿಗೆ ಹೋದೆ. ಮೊದಲ ಸಾಲಿನಲ್ಲಿ ನಾಲ್ಕೂವರೆ ಲೀಟರ್ ಕಂಡಿತು.

ಕಾರ್ಯದರ್ಶಿಗಳು ನೋಟ್‌ಬುಕ್ ಮುಚ್ಚಲಿಲ್ಲ. ಇನ್ನೆರಡು ತಿಂಗಳು ಎರಡೂ ಇರಲಿ ಎಂದರು. ಅದು ಸರಿಯಾದ ಮಾತು. ಅದು ಜನರ ಹಾಲಿನ ದುಡ್ಡು. ನಾನೂ ಈಗ ಊಹೆಯ ಮೇಲೆ ಏನನ್ನೂ ನಂಬುವುದಿಲ್ಲ.

ಮುಂದಿನ ವಾರ ಪ್ರಾಜೆಕ್ಟ್ ರಿಪೋರ್ಟ್ ಸಲ್ಲಿಸಬೇಕು. ಹಾರ್ಡ್ ಬೈಂಡಿಂಗ್, ಚಿನ್ನದ ಅಕ್ಷರ, ಮೂರು ಪ್ರತಿ. ರಿಚಿಯಂತೆ ಕೊಡುವುದಿಲ್ಲ ಎನ್ನುವ ಧೈರ್ಯ ನನಗಿಲ್ಲ. ನನಗೆ ಡಿಗ್ರಿ ಬೇಕು, ಕೆಲಸವೂ ಬೇಕು. ದುಡ್ಡು ಕೊಟ್ಟು ಬೈಂಡ್ ಮಾಡಿಸುತ್ತೇನೆ. ಆದರೆ ಒಳಗೊಂದು ಪುಟ ಹೆಚ್ಚಿಗೆ ಸೇರಿಸಿದ್ದೇನೆ. ಅಮ್ಮನ ಹಾಲು ಸೊನ್ನೆಯಾದದ್ದು ಯಾಕೆ ಎಂಬ ವಿವರ ಅದರಲ್ಲಿದೆ.